ಬೋರಯ್ಯನ ಕೈಗೆ ಅಂಟಿದ ಜಿಡ್ಡು

ಪೊಲೀಸು ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಜಗಲಿಯ ಮೇಲೆ ಬಂದು ಕೂತರೆ ಕೇಳುವುದೆಲ್ಲ ಒಂದೇ ಮಾತು. "ಎಷ್ಟು ಜನ ಡಕಾಯಿತರನ್ನ ಹೊಡೆದ್ರಿ?" ಒಬ್ಬನನ್ನೂ ಹೊಡೆದಿಲ್ಲ ಕಣ್ರಪ್ಪ. ನನ್ನ ಉದ್ಯೋಗವೆಲ್ಲ ಬಂದೂಕಿನ ಹೊಟ್ಟೆಗೆ ಎಣ್ಣೆ ಬಿಡುವುದರಲ್ಲೇ ಕಳೆದುಹೋಯಿತು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಕಡೆ ತಾಲೂಕು ಖಜಾನೆಯ ಕಾವಲಿಗೆ ಇಟ್ಟಿದ್ದ ಬಂದೂಕುಗಳನ್ನು ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಮತ್ತೆ ಜೋಡಿಸುವುದು ನನ್ನ ಕೆಲಸ. ಜನ ನನ್ನನ್ನು ಕರೆಯುತ್ತಿದ್ದದ್ದೇ ಎಣ್ಣೆ ದಫೇದಾರ ಎಂದು. ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಎಣ್ಣೆಯ ವಿಷಯ ಬರೆಯುತ್ತೇನೆ. ಆ ಎಣ್ಣೆಯಿಂದಲೇ ಬೋರಯ್ಯನೆಂಬ ಒಬ್ಬ ಒಳ್ಳೆಯ ಪೇದೆ ತಾನು ಹುಟ್ಟಿದಾಗಿನಿಂದ ಕಾಯುತ್ತಿದ್ದ ಜಾಗವನ್ನು ಕಳೆದುಕೊಂಡ, ಅದನ್ನೂ ಬರೆಯುತ್ತೇನೆ. ನಿಜ ಹೇಳಬೇಕೆಂದರೆ ಅವನಿಗಾಗಿಯೇ ಬರೆಯಲು ಕೂತಿದ್ದೇನೆ.

ನನಗೆ ಕೆಲಸ ಕಲಿಸಿದವರು ಹುಸೇನ್ ಸಾಹೇಬರು. ಹಳೆಯ ಜಮೇದಾರರು, ಗಡ್ಡಕ್ಕೆ ಗೋರಂಟಿ ಹಾಕುತ್ತಿದ್ದರು, ಬೈಗುಳಕ್ಕೆ ಬರವಿರಲಿಲ್ಲ. ನಾನು ಮೊದಲ ದಿನ ಎಣ್ಣೆಯ ಕುಡಿಕೆಯನ್ನು ಬಂದೂಕಿನ ಮೇಲೆ ಬಗ್ಗಿಸಿದ್ದನ್ನು ನೋಡಿ ತಲೆ ತಲೆ ಚಚ್ಚಿಕೊಂಡರು.

"ಅರೇ ಬೇವಕೂಫ್, ಬಂದೂಕೇನು ದೀಪಾವಳಿಗೆ ಬಂದ ಅಳಿಯನಾ? ಎಣ್ಣೆ ಸ್ನಾನ ಮಾಡಿಸ್ತೀಯಲ್ಲೋ! ಬೆರಳ ತುದೀಗೆ ಮುಟ್ಟಿಸ್ಕೋ. ಉಜ್ಜು. ಆಮೇಲೆ ಒಣಬಟ್ಟೇಲಿ ಒರೆಸು. ಉಳೀತಲ್ಲ, ಅದೇ ಸಾಕು."

ಇಷ್ಟೇ ವಿದ್ಯೆ. ಇದನ್ನು ನನ್ನ ಕೈ ಕಲಿಯಲು ವರ್ಷಗಳೇ ಬೇಕಾದವು. ಎಣ್ಣೆ ಕಡಿಮೆಯಾದರೆ ತುಕ್ಕು ಹಿಡಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಹೆಚ್ಚಾದರೆ ಏನಾಗುತ್ತದೆಂದು ಚಳ್ಳಕೆರೆಯ ಆಷಾಢದ ಗಾಳಿಯನ್ನು ಕುಡಿದವನಿಗೆ ಮಾತ್ರ ಗೊತ್ತು. ಬಯಲಿನ ಧೂಳೆಲ್ಲ ಬಂದು ಎಣ್ಣೆಗೆ ಹತ್ತಿ, ಕಬ್ಬಿಣದ ಸಂದಿಯಲ್ಲಿ ಕೂತು, ಸಾಣೆ ಕಲ್ಲಿನ ಹಾಗೆ ಉಜ್ಜಿ ಉಜ್ಜಿ ಬಂದೂಕನ್ನು ತಿಂದುಹಾಕುತ್ತದೆ.

ಇನ್ನೊಂದು ವಿಷಯವನ್ನೂ ಅವರು ಕಿವಿ ಹಿಂಡಿಯೇ ಕಲಿಸಿದ್ದರು. ಬಂದೂಕು ಖಾಲಿ ಇದೆಯೇ ಎಂದು ಯಾರಾದರೂ ಕೇಳಿದರೆ, ಅದೇ ಗಳಿಗೆಯಲ್ಲಿ ತೆರೆದು ನೋಡಿರದಿದ್ದರೆ ಖಾಲಿ ಎನ್ನಬಾರದು. ಕೇಳಿದವರು ದಿವಾನರೇ ಆಗಲಿ, 'ಗೊತ್ತಿಲ್ಲ, ನೋಡಿ ಹೇಳ್ತೀನಿ' ಎನ್ನಬೇಕು. ಅಂದಾಜಿನ ಮೇಲೆ ಮಾತನಾಡಿದವನ ಕೆನ್ನೆಗೆ ಅವರ ಕೈ ಬೀಳುತ್ತಿತ್ತು. ಹೀಗಾಗಿ 'ಗೊತ್ತಿಲ್ಲ' ಎನ್ನುವುದು ನನಗೆ ಉಸಿರಾಟದಷ್ಟೇ ಸಲೀಸಾಯಿತು.

ಆಗ ನಮ್ಮಲ್ಲಿದ್ದದ್ದು ಕರಿಮದ್ದಿನ ಕಾಲದ ಬಂದೂಕುಗಳು. ಒಂದು ಗುಂಡು ಹಾರಿಸಿದರೆ ಹೊಗೆಯಲ್ಲಿ ಗುರಿಯೂ ಕಾಣದು, ಪಕ್ಕದವನೂ ಕಾಣ. ಹಾರಿಸಿದ ದಿನವೇ ನಳಿಗೆಯೊಳಗೆ ಕುದಿಯುವ ನೀರು ಹೊಯ್ಯಬೇಕಿತ್ತು. ಹೊಸಬರು ಹೆದರಿ ಸಾಯುತ್ತಿದ್ದರು. "ಕಬ್ಬಿಣಕ್ಕೆ ನೀರಾ? ತುಕ್ಕು ಹಿಡಿಯಾಕಿಲ್ವಾ ರೀ?" ಎನ್ನುವರು. ನೀರು ಕುದಿಯುತ್ತಿದ್ದರೆ ಆ ಬಿಸಿಗೇ ಕಬ್ಬಿಣ ತಾನಾಗಿ ಒಣಗುತ್ತದೆ, ಉಗುರುಬೆಚ್ಚಗಿದ್ದರೆ ಮಾತ್ರ ಕೆಡುತ್ತದೆ. ಒಣಗಿದ ಮೇಲೆ ಎಣ್ಣೆ. ಆಮೇಲೆ ಹೊಗೆ ಕಮ್ಮಿಯಿರುವ ಹೊಸ ಮದ್ದು ಬಂದಾಗ ನಾವೆಲ್ಲ ಹಿಗ್ಗಿದೆವು. ಆದರೆ ಅದು ಇನ್ನೂ ಕಳ್ಳ. ಒರೆಸಿ ಥಳಥಳ ಮಾಡಿಟ್ಟ ನಳಿಗೆ ಮಾರನೆಯ ದಿನ ಒಳಗೇ ಬೆವರಿಕೊಂಡು ಕೂತಿರುತ್ತಿತ್ತು. ಒಂದು ದಿನ ಒರೆಸಿ ಕೈತೊಳೆದುಕೊಂಡವರ ಬಂದೂಕುಗಳೆಲ್ಲ ಹಾಳಾದವು. ಮೇಲಿಂದ ಮೇಲೆ ಒರೆಸುತ್ತಲೇ ಇರಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳುವುದು ಮೇಲಿನವರ ಅಭ್ಯಾಸವೇ ಅಲ್ಲ. ಸಾಮಾನು ಕಳಿಸುತ್ತಾರೆ, ಕೆಟ್ಟರೆ ಬೈಯುತ್ತಾರೆ.

ಆಯುಧಪೂಜೆ ಬಂತೆಂದರೆ ನನಗೆ ಚಳಿಜ್ವರ. ಅರಿಶಿನ, ಕುಂಕುಮ, ಗಂಧ, ಮೇಲೆ ಹರಳೆಣ್ಣೆ. ಪೇದೆಗಳು ಭಕ್ತಿಯಿಂದ ಬಳಿಯುತ್ತಿದ್ದದ್ದು ಹಿಡಿಗೂ ಅಲ್ಲ, ನಳಿಗೆಗೂ ಅಲ್ಲ. ಸೀದಾ ಗುಂಡು ತುಂಬುವ ಬಾಯಿಗೇ. ದೇವರಿಗೆ ಬಾಯಿ ಅಲ್ಲೇ ಇದೆ ತಾನೆ! ಮಾರನೆಯ ದಿನ ಬಿಚ್ಚಿದರೆ ತಿರುಪು ತಿರುಪಿನ ಸಂದಿಯಲ್ಲೂ ಕೆಂಪು ಕೆಸರು. ನಾನು ಒಂದು ವರ್ಷ ಕೂಗಾಡಿದೆ. ಹುಸೇನ್ ಸಾಹೇಬರೇ ನನ್ನನ್ನು ಗದರಿಸಿದರು. "ಮಾಡ್ಲಿ ಬಿಡೋ. ಅವ್ರು ಕೈ ಮುಗಿಯೋ ವಸ್ತು ಅಂತ ನೋಡ್ಕೊಂತಾರೆ. ನಾಳೆ ನಾವು ತೊಳೆದ್ರಾಯ್ತು." ಆ ಮುದುಕರಿಗಿದ್ದ ದೊಡ್ಡ ಮನಸ್ಸು ಆಮೇಲೆ ಬಂದ ಯಾವ ಅಧಿಕಾರಿಯಲ್ಲೂ ನಾನು ಕಾಣಲಿಲ್ಲ.

ಮೊಳಕಾಲ್ಮೂರಿನಲ್ಲಿ ಇನ್ನೊಂದು ಫಜೀತಿ. ಒರೆಸುವ ಬಟ್ಟೆ ಮುಗಿದಿತ್ತು. ಒಬ್ಬ ಪೇದೆ ಪಕ್ಕದ ನೇಕಾರರ ಮನೆಯಿಂದ ಮಗ್ಗದ ಕೆಳಗೆ ಬಿದ್ದ ರೇಷ್ಮೆ ಚಿಂದಿಯನ್ನು ಬೇಡಿ ತಂದು, ಉಂಡೆ ಮಾಡಿ, ಎಳೆಯುವ ದಾರಕ್ಕೆ ಕಟ್ಟಿ ನಳಿಗೆಗೆ ತುರುಕಿದ. ಹತ್ತಿಯ ಬಟ್ಟೆಯಾದರೆ ಎಣ್ಣೆ ಹೀರಿಕೊಂಡು ಮೆತ್ತಗೆ ಸರಿಯುತ್ತದೆ. ರೇಷ್ಮೆ ಎಳೆ ಬಿಚ್ಚಿಕೊಂಡು, ಒಂದಕ್ಕೊಂದು ಗಂಟು ಬಿದ್ದು, ನಡುವೆಯೇ ಬಿರಡೆಯ ಹಾಗೆ ಕಚ್ಚಿಕೊಂಡಿತು. ಎಳೆದರೆ ದಾರ ಕಿತ್ತುಬಂತು, ಚಿಂದಿ ಬರಲಿಲ್ಲ. ಚಿಂದಿ ಕೊಟ್ಟ ಅಜ್ಜಿ ಬಾಗಿಲಿಗೆ ಬಂದು ನಿಂತು, "ಅಯ್ಯೋ ನಾಯನಾ, ಪಟ್ಟುತೋ ತುಪಾಕಿ ತುಡುಸ್ತಾರಾ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ರೇಷ್ಮೆಯಲ್ಲಿ ಬಂದೂಕು ಒರೆಸುವ ಶ್ರೀಮಂತರನ್ನು ಅವಳು ಅದೇ ಮೊದಲು ನೋಡಿದ್ದಂತೆ. ಅದನ್ನು ಹೊರತೆಗೆಯುವಷ್ಟರಲ್ಲಿ ನನ್ನ ತೋಳು ಬಿದ್ದುಹೋಯಿತು.

ಇಷ್ಟೆಲ್ಲ ನಗುವ ಮಾತು. ಇನ್ನು ಮುಂದಿನದು ಬರೆಯಲು ನನಗೆ ಮನಸ್ಸಾಗುತ್ತಿಲ್ಲ, ಆದರೆ ಬರೆಯಲೇಬೇಕು.

ಬೋರಯ್ಯ ಚಳ್ಳಕೆರೆಯ ಖಜಾನೆ ಕಾವಲಿಗೆ ಬಂದಾಗ ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ತಳಕಿನ ಆಚೆಯ ಒಂದು ಹಟ್ಟಿಯವನು. ಅವನ ಮನೆತನ ದೇವರೆತ್ತುಗಳನ್ನು ಕಾಯುವ ಕಿಲಾರಿಗಳದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ದೂರದವರಿಗಾಗಿ ಹೇಳುತ್ತೇನೆ. ದೇವರಿಗೆಂದು ಬಿಟ್ಟ ದನಗಳ ಹಿಂಡು ಅದು. ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನೆಯ ಹಿರಿಯರಂತೆ ಮಣ್ಣು ಮಾಡುತ್ತಾರೆ. ಅವು ಮಲಗುವ ಮುಳ್ಳುಬೇಲಿಯ ರೊಪ್ಪದೊಳಕ್ಕೆ ಮಡಿಯಿಲ್ಲದೆ ಯಾರೂ ಕಾಲಿಡುವಂತಿಲ್ಲ. ಬೋರಯ್ಯನ ದೊಡ್ಡಪ್ಪ ಆಗ ಕಿಲಾರಿ. ಅವನಿಗೆ ಮಕ್ಕಳಿರಲಿಲ್ಲ. ಅವನ ನಂತರ ರೊಪ್ಪ ಬೋರಯ್ಯನಿಗೆ ಎಂದು ಹಟ್ಟಿಯವರು ಅವನು ಕೂಸಾಗಿದ್ದಾಗಲೇ ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಅವ್ವನಿಗೆ ನಾಲ್ಕು ಕಾಸು ಕಳಿಸೋಣವೆಂದು ಪೊಲೀಸಿಗೆ ಸೇರಿದ್ದ.

ಅವನಂಥ ಕಾವಲಿನವನು ನನಗೆ ಮತ್ತೆ ಸಿಗಲಿಲ್ಲ. ದನ ಕಾಯ್ದು ಬಂದ ಕಣ್ಣು, ರೆಪ್ಪೆ ಮುಚ್ಚುತ್ತಿರಲಿಲ್ಲ. ರಜೆ ಸಿಕ್ಕರೆ ಮನೆಗೆ ಮೊದಲು ಹೋಗುತ್ತಿರಲಿಲ್ಲ, ರೊಪ್ಪಕ್ಕೆ ಹೋಗುತ್ತಿದ್ದ. ಬಂದು ನನ್ನ ಪಕ್ಕದಲ್ಲಿ ಕೂತು ಬಂದೂಕು ಒರೆಸುತ್ತ ಒಂದೊಂದು ಎತ್ತಿನ ಸಮಾಚಾರವನ್ನೂ ಹೇಳುತ್ತಿದ್ದ. ಯಾವುದಕ್ಕೆ ಕೆಮ್ಮು, ಯಾವ ಕರು ಕುಂಟುತ್ತದೆ, ಯಾವ ಮುದಿಯೆತ್ತು ಇವನ ಹೆಗಲ ಮೇಲೆ ಗದ್ದ ಇಟ್ಟು ನಿದ್ದೆ ಹೋಗುತ್ತದೆ. "ನಿಂಗೆ ಹೆಣ್ಣು ನೋಡೋದು ಕಷ್ಟ ಕಣೋ, ಕೊಂಬಿಲ್ಲ ಅಂತ ಬೇಡ ಅಂತೀಯ" ಎಂದು ನಾನು ರೇಗಿಸುತ್ತಿದ್ದೆ. ನಗುತ್ತಿದ್ದ. ಅವನು ನಕ್ಕರೆ ನನಗೆ ಸ್ವಂತ ತಮ್ಮನನ್ನು ನೋಡಿದಷ್ಟು ಸಂತೋಷವಾಗುತ್ತಿತ್ತು.

ಅಷ್ಟರಲ್ಲಿ ಹೊಸ ಬಂದೂಕುಗಳು ಬಂದವು. ಅಡಿಯಲ್ಲಿ ಸನ್ನೆಗೋಲಿನಂಥ ಹಿಡಿ, ಅದನ್ನು ಕೆಳಗೆ ಒತ್ತಿದರೆ ಒಳಗಿನ ಕಬ್ಬಿಣದ ಅಚ್ಚು ಕುಸಿದು ಬಾಯಿ ತೆರೆಯುತ್ತಿತ್ತು. ಆ ಅಚ್ಚಿನ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ತಂತಿ, ಅದರ ನಡುವೆ ಗುಂಡಿನ ತಳಕ್ಕೆ ಬಡಿಯುವ ಸೂಜಿ. ಬಂದೂಕುಗಳ ಜೊತೆಗೆ ಎರಡು ಬಗೆಯ ಡಬ್ಬಿ ಬಂದವು. ಒಂದರಲ್ಲಿ ತೆಳುವಾದ ಎಣ್ಣೆ. ಮೂಗಿಗೆ ಹಿಡಿದರೆ ಸೀಮೆಎಣ್ಣೆಯ ದಾಯಾದಿ ಎಂದು ಗೊತ್ತಾಗುತ್ತಿತ್ತು, ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಇನ್ನೊಂದರಲ್ಲಿ ಹಳದಿ ಬಣ್ಣದ ಗಟ್ಟಿ ಜಿಡ್ಡು. ಮಳೆಗಾಲದಲ್ಲಿ, ಪೆಟ್ಟಿಗೆಯಲ್ಲಿಡುವಾಗ ದಪ್ಪಗೆ ಬಳಿಯಬೇಕಾದದ್ದು. ಡಬ್ಬಿಯ ಮೇಲೆ ಒಂದು ಅಕ್ಷರವೂ ಇರಲಿಲ್ಲ.

ಬೋರಯ್ಯ ಮುಚ್ಚಳ ತೆಗೆದು ಮೂಸಿದ. ಮುಖ ಬಿಳಿಚಿತು.

"ದಫೇದಾರ್ರೇ, ಇದು ಏತರ ಜಿಡ್ಡು?"

"ಗೊತ್ತಿಲ್ಲಪ್ಪ. ಮೇಲಿಂದ ಬಂದದ್ದು."

"ಆಕಳ ಕೊಬ್ಬು ಅಂತಾರಲ್ರೀ, ಬಳ್ಳಾರಿ ದಂಡಿನ ಕಡೆಯೋರು?"

ಅಂಥ ಮಾತು ಆಗ ಸಂತೆಯಲ್ಲೆಲ್ಲ ಇತ್ತು. ಕೆಲವರು ಕೊಬ್ಬು ಎನ್ನುತ್ತಿದ್ದರು, ಕೆಲವರು ಮೇಣ ಎನ್ನುತ್ತಿದ್ದರು, ನೆಲದೊಳಗಿನ ಎಣ್ಣೆಯನ್ನೇ ಕಾಯಿಸಿ ಗಟ್ಟಿ ಮಾಡಿದ್ದು ಎನ್ನುವವರೂ ಇದ್ದರು. ನಾನು ಅವನನ್ನು ಚುಡಾಯಿಸಿದೆ. "ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟಿದ್ದೀಯಲ್ಲೋ, ಅದು ಬಾಳೆ ನಾರಿಂದಾ?"

"ಪಟ್ಟಿನ ಬಿಚ್ಚಿ ಇಟ್ಟು ರೊಪ್ಪಕ್ಕೆ ಹೋಗ್ತೀನಿ ರೀ. ಜಿಡ್ಡು ಚರ್ಮದೊಳಕ್ಕೆ ಇಳೀತೈತೆ. ಕೈನ ಬಿಚ್ಚಿ ಇಡಾಕಾಗುತ್ತಾ?"

ನಾನು ಡಬ್ಬಿಯನ್ನು ನನ್ನ ಕಡೆಗೆ ಎಳೆದುಕೊಂಡೆ. ಅಂದಿನಿಂದ ಗಟ್ಟಿ ಜಿಡ್ಡಿನ ಕೆಲಸವನ್ನು ನಾನೇ ಮಾಡಿಕೊಂಡೆ. ಅವನು ತೆಳು ಎಣ್ಣೆಗೆ ಮಾತ್ರ ಕೈ ಹಾಕುತ್ತಿದ್ದ. ಇದು ಯಾರಿಗೂ ತೊಂದರೆಯಿಲ್ಲದ ಏರ್ಪಾಟಾಗಿತ್ತು. ಹಾಗೆಯೇ ನಡೆದುಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

ಆ ವರ್ಷ ತೆಳು ಎಣ್ಣೆ ಮುಗಿದುಹೋಯಿತು. ಹೇಳಿ ಕಳಿಸಿದರೂ ಬರಲಿಲ್ಲ. ನಾನು ಮೊಳಕಾಲ್ಮೂರಿಗೆ ಅಲ್ಲಿಯ ಬಂದೂಕುಗಳನ್ನು ನೋಡಲು ಹೋಗಿದ್ದೆ. ಬೋರಯ್ಯ ತನ್ನ ಬಂದೂಕು ಒಣಗಿ ನಿಂತಿದ್ದನ್ನು ನೋಡಲಾರದೆ, ಜಿಡ್ಡನ್ನೂ ಮುಟ್ಟಲಾರದೆ, ಅವ್ವ ಕೊಟ್ಟು ಕಳಿಸಿದ್ದ ತುಪ್ಪವನ್ನು ಆ ಸುರುಳಿಗೂ ಸೂಜಿಗೂ ಹಾಕಿಬಿಟ್ಟ. ತುಪ್ಪಕ್ಕಿಂತ ಶುದ್ಧವಾದದ್ದು ಯಾವುದಿದೆ, ಹೇಳಿ. ಬೇಸಿಗೆಯಾಗಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆದರೆ ಅದು ಮಾರ್ಗಶಿರ.

ಗುರಿ ಹೊಡೆಯುವ ಅಭ್ಯಾಸಕ್ಕೆಂದು ಬೆಳಗಿನ ಚಳಿಯಲ್ಲಿ ಊರಾಚೆಯ ಹುಲ್ಲುಗಾವಲಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ನಾನು ಹಿಂದಿನ ಸಂಜೆಯಷ್ಟೇ ಮರಳಿದ್ದೆ. ಜಿಲ್ಲೆಯಿಂದ ದೊಡ್ಡ ಸಾಹೇಬರು ನೋಡಲು ಬಂದಿದ್ದರು. ನಮ್ಮ ಇನ್‌ಸ್ಪೆಕ್ಟರು ಅವರ ಮುಂದೆ ಮೀಸೆ ತಿರುವಿಕೊಂಡು ಓಡಾಡುತ್ತಿದ್ದರು. ಒಬ್ಬೊಬ್ಬರೇ ಹಾರಿಸಿದರು. ಬೋರಯ್ಯನ ಸರದಿ ಬಂತು. ಬಂದೂಕಿನ ಕುದುರೆ ಒತ್ತಿದ. ಟಪ್ ಎಂದು ಒಂದು ಸಣ್ಣ ಸದ್ದು, ಅಷ್ಟೆ. ಮತ್ತೆ ತುಂಬಿದ, ಮತ್ತೆ ಟಪ್. ದೊಡ್ಡ ಸಾಹೇಬರು ಜೇಬಿನಿಂದ ಗಡಿಯಾರ ತೆಗೆದು ನೋಡಿ, ಕುದುರೆ ಹತ್ತಿ ಹೊರಟುಹೋದರು. ಇನ್‌ಸ್ಪೆಕ್ಟರ ಮುಖ ನೋಡುವ ಹಾಗಿರಲಿಲ್ಲ.

ನಾನು ಬಂದೂಕನ್ನು ಅಲ್ಲೇ ಬಿಚ್ಚಿದೆ. ಅಚ್ಚಿನೊಳಗೆ ಬಿಳಿಯ ಹರಳು ಹರಳಾಗಿ ತುಪ್ಪ ಹೆಪ್ಪುಗಟ್ಟಿ ಕೂತಿತ್ತು. ಸುರುಳಿ ಅಲುಗಾಡುವಂತಿರಲಿಲ್ಲ, ಸೂಜಿ ಮುಂದಕ್ಕೆ ಹೋಗುವಂತಿರಲಿಲ್ಲ. ಮನೆಯಲ್ಲಿ ಹದವಾಗಿ ಕಾಯಿಸಿದ ತುಪ್ಪದ ಘಮ್ಮೆನ್ನುವ ವಾಸನೆ.

"ಏನಿದು?" ಎಂದರು ಇನ್‌ಸ್ಪೆಕ್ಟರು.

ಬೋರಯ್ಯ ಮುಚ್ಚಿಡಲಿಲ್ಲ. "ತುಪ್ಪ ರೀ. ಆ ಡಬ್ಬೀದು ನಾನು ಮುಟ್ಟಂಗಿಲ್ಲ ಸ್ವಾಮಿ. ನಾಳೆ ರೊಪ್ಪಕ್ಕೆ ಹೋಗೋನು ನಾನು."

"ಅದರಲ್ಲಿ ಕೊಬ್ಬಿಲ್ಲ, ಏನಿಲ್ಲ. ಮಣ್ಣೊಳಗಿನ ಎಣ್ಣೆ."

"ನೀವು ನೋಡೀರಾ ಸ್ವಾಮಿ, ಮಾಡೋದ್ನ?"

ಪೇದೆಯೊಬ್ಬ ಎದುರು ಪ್ರಶ್ನೆ ಕೇಳಿದನಲ್ಲ, ಅಷ್ಟು ಸಾಕಾಯಿತು. ಗಟ್ಟಿ ಜಿಡ್ಡಿನ ಡಬ್ಬಿಯನ್ನು ತರಿಸಿದರು. ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಅದ್ದಿ, ಸಾಲಿನಲ್ಲಿದ್ದ ಎಲ್ಲರ ಬಂದೂಕುಗಳಿಗೂ ಬಳಿಯಬೇಕೆಂದು ಆಜ್ಞೆ ಮಾಡಿದರು. ನಾನು ಒಂದು ಹೆಜ್ಜೆ ಮುಂದೆ ಬಂದು, "ಸ್ವಾಮಿ, ಅದು ನನ್ನ ಕೆಲಸ, ನಾನು ಬಳೀತೀನಿ, ಇವನನ್ನ ಬಿಟ್ಟುಬಿಡಿ" ಎಂದೆ. "ನಿನ್ನನ್ನ ಕೇಳಿದೆನಾ?" ಎಂದು ಬೆತ್ತದಿಂದ ನನ್ನನ್ನು ಹಿಂದಕ್ಕೆ ತಳ್ಳಿದರು. ಬೋರಯ್ಯ ಅವರ ಕಾಲಿಗೆ ಬಿದ್ದ. ಅವನ ಹಣೆಗೆ ಹುಲ್ಲಿನ ಇಬ್ಬನಿ ಅಂಟಿತ್ತು. "ಬೇರೆ ಏನ್ ಶಿಕ್ಷೆ ಕೊಟ್ರೂ ತಿಂತೀನಿ ಸ್ವಾಮಿ, ಇದೊಂದು ಬ್ಯಾಡ್ರಿ" ಎಂದ. ಆಜ್ಞೆ ಮೀರಿದರೆ ಕೆಲಸ ಹೋಗುವುದಲ್ಲದೆ ಜೈಲಿಗೂ ಕಳಿಸುತ್ತೇನೆಂದರು. ಜೈಲಿಗೆ ಹೋದವನನ್ನೂ ರೊಪ್ಪ ಒಳಗೆ ಬಿಡುವುದಿಲ್ಲ. ಯಾವ ಕಡೆ ತಿರುಗಿದರೂ ಬಾಗಿಲು ಮುಚ್ಚಿತ್ತು.

ಅವನು ಕೈ ಅದ್ದಿದ. ಒಂದೊಂದೇ ಬಂದೂಕಿಗೆ ಬಳಿಯುತ್ತ ಬಂದ. ನನ್ನ ಮುಂದೆ ಬಂದಾಗ ನಾನು ನೆಲ ನೋಡಿದೆ. ಆಮೇಲೆ ಬಾವಿಯ ಹತ್ತಿರ ಕೂತು ಬೂದಿ, ಸೀಗೆಪುಡಿ, ಹುಣಸೆಹಣ್ಣು ಹಾಕಿ ಉಜ್ಜಿದ. ಚರ್ಮ ಸುಲಿದು ರಕ್ತ ಬರುವವರೆಗೂ ಉಜ್ಜಿದ. ಅಂದಿನಿಂದ ರಜೆ ಸಿಕ್ಕರೂ ರೊಪ್ಪಕ್ಕೆ ಹೋಗಲಿಲ್ಲ. ಎತ್ತಿನ ಸಮಾಚಾರ ಹೇಳುವುದನ್ನೂ ನಿಲ್ಲಿಸಿದ. ಆ ಇನ್‌ಸ್ಪೆಕ್ಟರು ಕೆಟ್ಟವರೆಂದು ನಾನು ಹೇಳಲಾರೆ, ಲಂಚ ಮುಟ್ಟಿದವರಲ್ಲ. ಆದರೆ ಅವರ ಆ ಒಂದು ಬೆಳಗನ್ನು ನಾನು ಈವರೆಗೂ ಕ್ಷಮಿಸಿಲ್ಲ.

ಕೆಲವು ವರ್ಷಗಳು ಹೋದವು. ನನ್ನನ್ನು ಮೊಳಕಾಲ್ಮೂರಿಗೆ ಹಾಕಿದ್ದರು. ಒಂದು ಮಧ್ಯಾಹ್ನ ಬೋರಯ್ಯ ಬಂದು ಠಾಣೆಯ ಬೇವಿನ ಮರದ ಕೆಳಗೆ ನಿಂತಿದ್ದ. ಮೈಮೇಲೆ ಪೊಲೀಸಿನ ಬಟ್ಟೆ ಇರಲಿಲ್ಲ.

"ದೊಡ್ಡಪ್ಪ ತೀರ್ಕೊಂಡ ರೀ. ರೊಪ್ಪ ಖಾಲಿ ಐತೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದೀನಿ."

ನನಗೆ ಸಂತೋಷವಾಯಿತು. ಅವನ ಮುಖದಲ್ಲಿ ಸಂತೋಷವಿರಲಿಲ್ಲ. ಆ ಬೆಳಗಿನ ಸಂಗತಿ ಹಟ್ಟಿಗೆ ಮುಟ್ಟಿತ್ತು. ಯಾರೋ ಹೇಳಿದ್ದರು ಎಂದಲ್ಲ, ಅವನೇ ಹೇಳಿದ್ದ. ಹೇಳದೆ ಒಳಗೆ ಹೋಗುವ ಜಾತಿಯವನಲ್ಲ. ಯಜಮಾನ ಓಬಯ್ಯ ಹಿರಿಯರನ್ನು ಕೂಡಿಸಿ ಮಾತಾಡಿದ್ದ. ತಿಳಿಯದೆ ಮುಟ್ಟಿದ್ದರೆ ಶುದ್ಧಿ ಮಾಡಿ ಒಳಗೆ ಕರೆದುಕೊಳ್ಳುವ ದಾರಿ ಇತ್ತು. ಇವನು ಅನುಮಾನವಿದ್ದೂ ಕೈ ಅದ್ದಿದವನು. ಅದರಲ್ಲಿ ಆಕಳ ಕೊಬ್ಬು ಇದ್ದದ್ದೇ ಆದರೆ ಯಾವ ಶುದ್ಧಿಯೂ ನಡೆಯದು, ಈ ಜನ್ಮಕ್ಕೆ ರೊಪ್ಪ ಇಲ್ಲ. ಇರಲಿಲ್ಲ ಎಂದಾದರೆ ಯಾವ ದೋಷವೂ ಇಲ್ಲ. ಬಲ್ಲವರು ಯಾರಾದರೂ ಎತ್ತುಗಳ ಎದುರಿಗೆ ನಿಂತು ಹೇಳಬೇಕು, ಅದೇ ಕಡೆಯ ಮಾತು ಎಂದಿದ್ದರು.

"ನೀವು ಬರ್ತೀರಾ ರೀ? ಎಣ್ಣೆ ದಫೇದಾರ್ರು ಅಂದ್ರೆ ನಮ್ಮೋರು ನಂಬ್ತಾರೆ."

"ಬರ್ತೀನಿ ಕಣೋ. ಮೊದ್ಲು ನಾನು ತಿಳ್ಕೊಂತೀನಿ" ಎಂದೆ.

ತಿಳಿದುಕೊಳ್ಳಲು ನಾನು ಪಡದ ಪಾಡಿಲ್ಲ. ಚಿತ್ರದುರ್ಗಕ್ಕೆ ಹೋಗಿ ಸಾಮಾನು ಕೊಡುವ ಗುಮಾಸ್ತನನ್ನು ಕೇಳಿದೆ. "ಜಿಡ್ಡು ಅಂದ್ರೆ ಜಿಡ್ಡಯ್ಯ, ನೀನೇನು ಅದನ್ನ ಅನ್ನಕ್ಕೆ ಕಲೆಸ್ಕೊಂಡು ತಿಂತೀಯಾ?" ಎಂದು ನಕ್ಕ. ಅಲ್ಲಿದ್ದ ಒಬ್ಬ ಬಿಳಿ ದೊರೆಯನ್ನು ಕೈಮುಗಿದು ಕೇಳಿದೆ. ಅವನು ಭುಜ ಕುಣಿಸಿದ. ಒಂದೊಂದು ಸಲ ಒಂದೊಂದು ಕಡೆಯಿಂದ ಬರುತ್ತದೆ, ಯಾವುದರಲ್ಲಿ ಏನೋ ಎಂದ. ಕಡೆಗೆ ನಾನೇ ಹಣತೆಯಲ್ಲಿ ಸ್ವಲ್ಪ ಜಿಡ್ಡು ಹಾಕಿ ಬತ್ತಿ ಹಚ್ಚಿ ಮೂಸಿದೆ. ಒಂದು ಸಲ ಸೀಮೆಎಣ್ಣೆ ಅನ್ನಿಸಿತು. ಇನ್ನೊಂದು ಸಲ ಸುಟ್ಟ ಕೊಬ್ಬು ಅನ್ನಿಸಿತು. ಅದೂ ಬೋರಯ್ಯ ಕೈ ಅದ್ದಿದ ಡಬ್ಬಿಯಲ್ಲ, ಅದು ಎಂದೋ ಮುಗಿದಿತ್ತು. ಇಷ್ಟು ವರ್ಷ ಅದರಲ್ಲೇ ಕೈಯಾಡಿಸಿದವನು ನಾನು, ಅದು ಏನೆಂದು ನನಗೇ ಗೊತ್ತಾಗಲಿಲ್ಲ.

ಬೋರಯ್ಯನ ಜೊತೆ ಗಾಡಿಯಲ್ಲಿ ಹೊರಟೆ. ದಾರಿಯುದ್ದಕ್ಕೂ ನಾನು ತಿಳಿದುಕೊಂಡದ್ದೇನೆಂದು ಅವನು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನಾನೂ ಹೇಳಲಿಲ್ಲ.

ರೊಪ್ಪದ ಮುಂದೆ ಹಟ್ಟಿಯವರೆಲ್ಲ ಸೇರಿದ್ದರು. ಬೇಲಿಯ ಒಳಗೆ ಎತ್ತುಗಳು ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ನಾನು ಚಪ್ಪಲಿ ಬಿಟ್ಟು, ಕಾಲು ತೊಳೆದು ನಿಂತೆ. ಯಜಮಾನ ಓಬಯ್ಯ ಬಹಳ ವಯಸ್ಸಾದವನು, ಕೋಲು ಹಿಡಿದು ಎದ್ದು ನಿಂತ. ದನಿಯಲ್ಲಿ ಗಡಸು ಇರಲಿಲ್ಲ. ಈ ಹುಡುಗ ಒಳಗೆ ಬರಲಿ ಎಂಬ ಆಸೆ ಅವನ ಕಣ್ಣಲ್ಲೇ ಕಾಣುತ್ತಿತ್ತು.

"ನೋಡಪ್ಪಾ, ನಮಗೆ ಬಂದೂಕು ಗೊತ್ತಿಲ್ಲ. ಅದರ ಹೊಟ್ಟೆ ನೋಡಿದೋನು ನೀನು. ಆ ಡಬ್ಬಿ ತೆಗೆದು ಇಟ್ಟೋನು ನೀನು. ಇವು ಬಾಯಿಲ್ಲದವು, ಇವುಗಳ ಮುಂದೆ ನಿಂತೀಯ. ಹೇಳು, ಅದ್ರಾಗೆ ಆಕಳ ಕೊಬ್ಬು ಐತಾ, ಇಲ್ಲಾ?"

ಒಂದು ಮಾತು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅಲ್ಲಿದ್ದವರಲ್ಲಿ ಯಾರೂ ನನ್ನನ್ನು ಮರುಪ್ರಶ್ನೆ ಕೇಳುತ್ತಿರಲಿಲ್ಲ. ನನ್ನ ನಾಲಗೆಯ ತುದಿಗೆ ಬಂತು. ಆದರೆ ತೆರೆದು ನೋಡದೆ ಖಾಲಿ ಎನ್ನಬಾರದೆಂದು ಕಲಿತ ನಾಲಗೆ ಅದು. ಆ ಪ್ರಾಣಿಗಳು ಬೇರೆ ನನ್ನನ್ನೇ ನೋಡುತ್ತಿದ್ದವು.

"ನನಗೆ ಗೊತ್ತಿಲ್ಲ ಯಜಮಾನ್ರೇ" ಎಂದೆ. "ಐತೆ ಅಂತಾನೂ ಹೇಳಲಾರೆ, ಇಲ್ಲ ಅಂತಾನೂ ಹೇಳಲಾರೆ. ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ."

ಓಬಯ್ಯ ಮೆಲ್ಲಗೆ ಕೂತ. "ಗೊತ್ತಿಲ್ಲ ಅಂದ್ರೆ ನಾನೇನ್ ಮಾಡ್ಲಪ್ಪಾ" ಎಂದ. ಅವನ ಕಣ್ಣಲ್ಲಿ ನೀರು ಬಂತು. ಬೋರಯ್ಯನ ಅವ್ವ ದೂರದಲ್ಲಿ ಕೂತಿದ್ದವಳು ಸೆರಗು ಮುಖಕ್ಕೆ ಹಾಕಿಕೊಂಡಳು. ಬೋರಯ್ಯ ತಲೆ ತಗ್ಗಿಸಿ ನಿಂತಿದ್ದವನು ತಲೆ ಎತ್ತಲೇ ಇಲ್ಲ. ರೊಪ್ಪ ಅವನ ಚಿಕ್ಕಪ್ಪನ ಮಗನಿಗೆ ಹೋಯಿತು. ಪೊಲೀಸು ಕೆಲಸ ಮೊದಲೇ ಬಿಟ್ಟಾಗಿತ್ತು. ಎರಡು ಕೈಯೂ ಖಾಲಿ. ವಾಪಸು ಬರುವಾಗ ಗಾಡಿಯಲ್ಲಿ ನಾನೊಬ್ಬನೇ ಇದ್ದೆ.

ನಾನು ಮಾಡಿದ್ದು ಸರಿ ಎಂದು ನನ್ನ ಹೆಂಡತಿ ಅಂದಳು. ಠಾಣೆಯಲ್ಲೂ ಅಂದರು. ಸತ್ಯವಂತ ಎಂದು ಹೊಗಳಿದವರೂ ಇದ್ದಾರೆ. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ. ಹುಸೇನ್ ಸಾಹೇಬರು ಆ ಹೊತ್ತಿಗೆ ತೀರಿಕೊಂಡಿದ್ದರು, ಇಲ್ಲದಿದ್ದರೆ ಅವರನ್ನಾದರೂ ಕೇಳುತ್ತಿದ್ದೆ.

ಹೊಸದಾಗಿ ಸೇರುವವರಿಗೆ ಹೇಳಬೇಕಾದ ಕೆಲಸದ ಮಾತುಗಳನ್ನೆಲ್ಲ ಮೇಲೆ ಹೇಳಿದ್ದೇನೆ. ಎಣ್ಣೆ ಕಡಿಮೆ ಹಾಕಿ, ಧೂಳಿಗೆ ಹೆದರಿ, ಬೆವರುವ ನಳಿಗೆಯನ್ನು ಮತ್ತೆ ಮತ್ತೆ ಒರೆಸಿ, ಚಳಿಗೆ ಗಟ್ಟಿಯಾಗುವ ಯಾವುದನ್ನೂ ಸೂಜಿಯ ಹತ್ತಿರ ತರಬೇಡಿ. ನಿಮ್ಮ ಕೈಕೆಳಗಿನವನು ಒಂದು ಡಬ್ಬಿಯನ್ನು ತೋರಿಸಿ ಇದರಲ್ಲಿ ಏನಿದೆ ಎಂದು ಕೇಳಿದರೆ, ನಗಬೇಡಿ. ಅವನು ಕೇಳಿದ ದಿನವೇ ಹೋಗಿ ವಿಚಾರಿಸಿ.

ನಿವೃತ್ತಿಯಾದ ಮೇಲೆ ಒಂದು ಸಲ ಸಂಬಂಧಿಕರ ಮದುವೆಗೆಂದು ತಳಕಿನ ಕಡೆ ಹೋಗಿದ್ದವನು ಗಾಡಿಯನ್ನು ಆ ಹಟ್ಟಿಯ ದಾರಿಗೆ ತಿರುಗಿಸಿದೆ. ಬೋರಯ್ಯ ರೊಪ್ಪದ ಹೊರಗೆ ಇದ್ದ. ತಲೆ ಪೂರಾ ನರೆತಿತ್ತು. ಬಯಲಿನಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ ತಂದು ಬೇಲಿಯವರೆಗೆ ಮುಟ್ಟಿಸುವುದು ಅವನ ಕೆಲಸ. ಅದಕ್ಕೆ ಹಟ್ಟಿಯವರು ಅವನಿಗೆ ಕಾಳು ಅಳೆಯುತ್ತಿದ್ದರು. ಬೇಲಿಯ ಆಚೆಗೆ ಅವನು ಕಾಲಿಟ್ಟಿರಲಿಲ್ಲ. ನನ್ನನ್ನು ನೋಡಿ ಎದ್ದು ಬಂದು ನಮಸ್ಕಾರ ಮಾಡಿದ, ನೀರು ಕೊಟ್ಟ, ಮೈ ಹುಷಾರಾಗಿದೆಯೇ ಎಂದು ವಿಚಾರಿಸಿದ. ಇಬ್ಬರೂ ಹುಲ್ಲಿನ ಹೊರೆಯ ಮೇಲೆ ಕೂತೆವು. ಅಷ್ಟರಲ್ಲಿ ಒಂದು ಎತ್ತು ಬೇಲಿಯ ಹತ್ತಿರ ಬಂದು ಮುಳ್ಳಿನ ಸಂದಿಯಿಂದ ಮೂತಿ ಹೊರಗೆ ಹಾಕಿ, ಅವನ ಕೈಯನ್ನು ನೆಕ್ಕಲು ನಾಲಗೆ ಚಾಚಿತು. ಬೋರಯ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಹೋಗು, ಹೋಗು ನಮ್ಮಪ್ಪ" ಎಂದು ಬಾಯಲ್ಲೇ ಅದನ್ನು ಸಾಗಹಾಕಿದ.

ನನಗೆ ತಡೆಯಲಾಗಲಿಲ್ಲ. "ಬೋರ, ಆವತ್ತು ನಾನು ಇಲ್ಲ ಅಂದುಬಿಡಬೇಕಾಗಿತ್ತು ಕಣೋ" ಎಂದೆ.

ಅವನು ಎತ್ತಿನ ಕಡೆಗೇ ನೋಡುತ್ತ ಹೇಳಿದ.

"ಅಂದುಬಿಡ್ತೀರ ಅಂತ್ಲೇ ರೀ ನಿಮ್ಮನ್ನ ಕರ್ಕೊಂಡು ಬಂದಿದ್ದು. ಏನೈತೆ ಅಂತ ನಿಮಗೂ ಗೊತ್ತಿಲ್ಲ ಅನ್ನೋದು ನಂಗೆ ಮೊದ್ಲೇ ಗೊತ್ತಿತ್ತು. ಗಾಡೀಲಿ ಬರ್ತಾ, ಇಲ್ಲ ಅಂತ ಒಂದು ಮಾತು ಹೇಳ್ಬಿಡ್ರಿ ಅಂತ ಕೇಳಾನ ಅನ್ಕೊಂಡೆ. ಬಾಯಿ ಬರ್ಲಿಲ್ಲ."

ಆಮೇಲೆ ಅವನು ಎದ್ದು, ನಾವು ಕೂತಿದ್ದ ಹೊರೆಯನ್ನು ಬಿಚ್ಚಿ, ಹುಲ್ಲನ್ನು ಹಿಡಿಹಿಡಿಯಾಗಿ ಬೇಲಿಯ ಮೇಲಿಂದ ಒಳಗೆ ಎಸೆಯತೊಡಗಿದ.